ಘಾಟಿ ಬಂದ್ ಆದ ಸುದ್ದಿ ರೂಟರಿಗೆ ಮುಟ್ಟುವುದು ಹೇಗೆ?

ಮಲೆನಾಡಿನಲ್ಲಿ ಜುಲೈ ಬಂತು ಅಂದರೆ ವಾಟ್ಸಾಪಿನಲ್ಲಿ ಒಂದು ಮೆಸೇಜ್ ತಪ್ಪದೆ ಬರುತ್ತದೆ. ಆಗುಂಬೆ ಘಾಟಿಯಲ್ಲಿ ಧರೆ ಕುಸಿದಿದೆ, ರಸ್ತೆ ಬಂದ್, ಯಾರೂ ಹೊರಡಬೇಡಿ ಅಂತ. ಜೊತೆಗೊಂದು ಫೋಟೋ. ಉಡುಪಿಗೆ ಹೊರಟವರು ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಒದ್ದೆ ಕೊಡೆ ಮಡಚಿಕೊಂಡು ಅದನ್ನೇ ನೋಡುತ್ತಾ ನಿಂತಿರುತ್ತಾರೆ. ಪಕ್ಕದವರು, 'ಅದು ಹೋದ ವರ್ಷದ್ದು ಮಾರಾಯ್ರೆ, ಈಗಷ್ಟೇ ಉಡುಪಿ ಬಸ್ ಬಂತಲ್ಲ' ಅನ್ನುತ್ತಾರೆ. ಆದರೆ ಇವರಿಗೆ ಅದೇ ಮೆಸೇಜ್ ಮೂರು ಗ್ರೂಪಿನಿಂದ ಬಂದಿದೆ. ಮೂರು ಕಡೆಯಿಂದ ಬಂದದ್ದು ಸುಳ್ಳಾಗುತ್ತದಾ ಅಂತ ಇವರ ವಾದ.

ಮೆಸೇಜಿನಲ್ಲಿ ತಾರೀಕಿಲ್ಲ. ಮೊದಲು ಬರೆದವರು ಯಾರು ಅಂತಲೂ ಇಲ್ಲ. ಘಾಟಿ ತೆರೆದ ಮೇಲೆ 'ಆ ಸುದ್ದಿ ಮುಗಿಯಿತು, ಅಳಿಸಿ ಹಾಕಿ' ಅಂತ ಯಾರೂ ಹೇಳಲಿಲ್ಲ. ಇಷ್ಟೇ ತೊಂದರೆ. ನೆಟ್‌ವರ್ಕಿನಲ್ಲಿ ಮಾಹಿತಿಗೆ ದಾರಿ ತೋರಿಸುವ ರೂಟರುಗಳಿಗೂ ದಿನಾ ಇದೇ ತೊಂದರೆ, ಮತ್ತು ಅವಕ್ಕೆ 'ಅದು ಹಳೇದು ಮಾರಾಯ್ರೆ' ಅಂತ ಹೇಳಲು ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಕೂತು ಒಂದು ಸಣ್ಣ ಸಂಸ್ಥೆಯ ನಾಲ್ಕು ಶಾಖೆಗಳ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ. ಅಲ್ಲಿನ ರೂಟರುಗಳು ದಾರಿಯ ಸುದ್ದಿ ಹಂಚಿಕೊಳ್ಳುವ ಪ್ರೋಟೊಕಾಲಿಗೆ, ಅಂದರೆ ನಿಯಮಾವಳಿಗೆ, ಓಎಸ್‌ಪಿಎಫ್ ಅಂತ ಹೆಸರು. ಕೆಲಸ ಕಲಿಯಲು ಬರುವ ಹುಡುಗರನ್ನು ಓಎಸ್‌ಪಿಎಫ್ ಅಂದರೆ ಏನಪ್ಪಾ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: 'ಡೈಕ್‌ಸ್ಟ್ರಾ ಅಲ್ಗಾರಿದಮ್ ಸರ್, ಶಾರ್ಟೆಸ್ಟ್ ಪಾತ್ ಹುಡುಕುತ್ತದೆ.' ತಪ್ಪೇನಲ್ಲ. ಆದರೆ ಅದು ಸುಲಭದ ಅರ್ಧ. ಎಡ್ಸ್‌ಗರ್ ಡೈಕ್‌ಸ್ಟ್ರಾ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಪೆನ್ನು ಕಾಗದ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಅದನ್ನು ಯೋಚಿಸಿದ್ದಾಗಿ ಆಮೇಲೆ ತಾವೇ ಹೇಳಿಕೊಂಡಿದ್ದಾರೆ. ಮ್ಯಾಪ್ ಕೈಯಲ್ಲಿದ್ದರೆ ದಾರಿ ಹುಡುಕುವುದು ಒಂದು ಕಾಫಿಯಷ್ಟು ಹೊತ್ತಿನ ಕೆಲಸ. ಎಲ್ಲರ ಕೈಯಲ್ಲೂ ಒಂದೇ ಮ್ಯಾಪ್ ಇರುವಂತೆ ನೋಡಿಕೊಳ್ಳುವುದು ಬೇರೆಯೇ ಕಥೆ. ಅದರಲ್ಲಿ ಎಡವಿ ಒಮ್ಮೆ ಇಂಟರ್ನೆಟ್ಟಿಗೂ ಹಿಂದಿನ ಅರ್ಪಾನೆಟ್ ಅನ್ನುವ ಇಡೀ ನೆಟ್‌ವರ್ಕ್ ಗಂಟೆಗಟ್ಟಲೆ ಮಲಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಳೆ ಪದ್ಧತಿ ನೋಡೋಣ. ರಿಪ್ ಅಂತ ಒಂದು ಪ್ರೋಟೊಕಾಲ್ ಇದೆ. ಅದರಲ್ಲಿ ರೂಟರ್ ಪಕ್ಕದವನಿಗೆ ಮ್ಯಾಪ್ ಕೊಡುವುದಿಲ್ಲ, ಬರೀ ತೀರ್ಮಾನ ಕೊಡುತ್ತದೆ: 'ನನ್ನಿಂದ ಸಾಗರ ಒಂದು ಹೆಜ್ಜೆ.' ತೀರ್ಥಹಳ್ಳಿ ರೂಟರ್ ಇದನ್ನು ಶಿವಮೊಗ್ಗದಿಂದ ಕೇಳಿಸಿಕೊಂಡು, 'ಹಾಗಾದರೆ ನನ್ನಿಂದ ಎರಡು' ಅಂತ ಬರೆದಿಟ್ಟುಕೊಳ್ಳುತ್ತದೆ. ಈಗ ಶಿವಮೊಗ್ಗ ಮತ್ತು ಸಾಗರದ ನಡುವಿನ ಕೇಬಲ್ ತುಂಡಾಯಿತು ಅಂದುಕೊಳ್ಳಿ, ಬೇರೆ ದಾರಿಯೂ ಇಲ್ಲ. ಶಿವಮೊಗ್ಗ ಬಾಯಿ ಬಿಡುವ ಮೊದಲೇ ತೀರ್ಥಹಳ್ಳಿ ತನ್ನ ಮಾಮೂಲಿ ವರದಿ ಕಳಿಸುತ್ತದೆ: 'ನನ್ನಿಂದ ಸಾಗರ ಎರಡು.' ಶಿವಮೊಗ್ಗಕ್ಕೆ ಖುಷಿ. ಓಹೋ, ತೀರ್ಥಹಳ್ಳಿ ಕಡೆಯಿಂದ ದಾರಿ ಇದೆ, ಹಾಗಾದರೆ ನನ್ನಿಂದ ಮೂರು. ಇದನ್ನು ಕೇಳಿ ತೀರ್ಥಹಳ್ಳಿ ನಾಲ್ಕು ಅನ್ನುತ್ತದೆ. ಆಮೇಲೆ ಐದು, ಆರು. ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಗಿಸಿ ಹೇಳುತ್ತಿದ್ದಾರೆ ಅಷ್ಟೇ, ಸಾಗರದ ದಾರಿ ಯಾರಿಗೂ ಗೊತ್ತಿಲ್ಲ. ಕೊನೆಗೆ 16 ಮುಟ್ಟಿದಾಗ 'ಇದು ಸಿಗುವ ಊರಲ್ಲ' ಅಂತ ಕೈಬಿಡಬೇಕು ಅನ್ನುವುದು ರಿಪ್‌ನ ನಿಯಮ. ವರದಿ ಹೋಗುವುದು 30 ಸೆಕೆಂಡಿಗೊಮ್ಮೆ, ಲೆಕ್ಕ ಹಾಕಿ ನೋಡಿ. ಇದಕ್ಕೆ ಆಮೇಲೆ ತೇಪೆ ಹಾಕಿದ್ದಾರೆ, ಇಲ್ಲವೆಂದಲ್ಲ. ಆದರೆ ಮೂಲದಲ್ಲಿ ಅದು ಗಾಳಿಮಾತು.

ಓಎಸ್‌ಪಿಎಫ್ ಬಳಸುವ ಲಿಂಕ್ ಸ್ಟೇಟ್ ಪದ್ಧತಿಯಲ್ಲಿ ಶಿಸ್ತು ಬೇರೆ. ನೀನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳು. ನಿನ್ನ ಮನೆ ಬಾಗಿಲಿಗೆ ಬಂದು ಮುಟ್ಟುವ ರಸ್ತೆಗಳು ಯಾವುವು, ಆ ಕಡೆ ಯಾರಿದ್ದಾರೆ, ಹೋಗಲು ಎಷ್ಟು ಖರ್ಚು, ಅಷ್ಟೇ. ಬೇರೆಯವರು ಕಳಿಸಿದ್ದನ್ನು ಒಂದಕ್ಷರವೂ ತಿದ್ದದೆ ಮುಂದೆ ದಾಟಿಸು. ಹೀಗೆ ರೂಟರ್ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಚೀಟಿಗೆ ಎಲ್‌ಎಸ್‌ಎ ಅನ್ನುತ್ತಾರೆ. ಎಲ್ಲರ ಚೀಟಿಗಳೂ ಎಲ್ಲರ ಹತ್ತಿರವೂ ಸೇರಿದರೆ, ಪ್ರತಿಯೊಬ್ಬರೂ ಅವನ್ನು ಜೋಡಿಸಿ ಒಂದೇ ಮ್ಯಾಪ್ ಬರೆದುಕೊಳ್ಳಬಹುದು. ಆ ಚೀಟಿಗಳ ಕಟ್ಟಿಗೆ ಲಿಂಕ್ ಸ್ಟೇಟ್ ಡೇಟಾಬೇಸ್ ಅಂತ ಹೆಸರು.

ನಮ್ಮ ನಾಲ್ಕು ಊರಿನ ಮ್ಯಾಪ್ ಹೀಗಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಕಾಸ್ಟ್ 10, ಶಿವಮೊಗ್ಗದಿಂದ ಸಾಗರಕ್ಕೆ 10, ಸಾಗರದಿಂದ ಹೊಸನಗರಕ್ಕೆ 10, ತೀರ್ಥಹಳ್ಳಿಯಿಂದ ಹೊಸನಗರಕ್ಕೆ 20. ಆ ಕೊನೆಯದು ನಿಧಾನದ ಲಿಂಕ್, ಅದಕ್ಕೇ ಜಾಸ್ತಿ. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗಬೇಕಾದರೆ ಶಿವಮೊಗ್ಗದ ಮೇಲೆ 20, ಹೊಸನಗರದ ಮೇಲೆ 30. ಹಾಗಾಗಿ ಶಿವಮೊಗ್ಗದ ಮೇಲೆ. ಮುಗಿಯಿತು, ಡೈಕ್‌ಸ್ಟ್ರಾ ಬಗ್ಗೆ ಇಷ್ಟು ಸಾಕು.

ಇನ್ನು ಸುದ್ದಿ ಹಂಚುವ ವಿಷಯ. ಎರಡು ರೂಟರುಗಳು ಮೊದಲು ಪರಿಚಯ ಮಾಡಿಕೊಳ್ಳಬೇಕು. ಓಎಸ್‌ಪಿಎಫ್‌ನಲ್ಲಿ ಪ್ರತಿ ರೂಟರೂ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ 'ಹಲೋ' ಅನ್ನುತ್ತದೆ. ರೂಟರುಗಳು ಕಳಿಸುವ ಮಾಹಿತಿಯ ತುಣುಕಿಗೆ ಪ್ಯಾಕೆಟ್ ಅನ್ನುತ್ತಾರೆ, ಈ ಪ್ಯಾಕೆಟ್ಟಿನ ಹೆಸರೇ ಹಲೋ. ಅದರೊಳಗೆ ತಾನು ಯಾರ ಯಾರ ಹಲೋ ಕೇಳಿಸಿಕೊಂಡಿದ್ದೇನೆ ಅನ್ನುವ ಪಟ್ಟಿಯೂ ಇರುತ್ತದೆ. ಪಕ್ಕದವನ ಪಟ್ಟಿಯಲ್ಲಿ ನನ್ನ ಹೆಸರು ಕಂಡಿತು ಅಂದರೆ ನನ್ನ ಮಾತು ಅವನಿಗೆ ಕೇಳಿಸುತ್ತಿದೆ, ಅವನದ್ದು ನನಗೆ ಕೇಳಿಸುತ್ತಿದೆ. ನಮ್ಮ ಕಡೆ ಹಳ್ಳಿಗಳಲ್ಲಿ ಫೋನ್ ಮಾಡಿದಾಗ 'ಹಲೋ ಕೇಳಿಸ್ತಾ? ನಿಮ್ಮದು ಕೇಳಿಸ್ತಿದೆ, ನಂದು ಕೇಳಿಸ್ತಾ?' ಅಂತ ಗುಡ್ಡದ ಮೇಲೆ ನಿಂತು ಕೂಗುತ್ತಾರಲ್ಲ, ಅದೇ. 40 ಸೆಕೆಂಡ್ ಹಲೋ ಬರದಿದ್ದರೆ ಪಕ್ಕದವನು ಸತ್ತ ಅಂತ ಲೆಕ್ಕ.

ಪರಿಚಯ ಆಯಿತು. ಈಗ ಇಬ್ಬರ ಚೀಟಿಕಟ್ಟುಗಳೂ ಒಂದೇ ಆಗಬೇಕು. ಎಲ್ಲಾ ಚೀಟಿಗಳನ್ನೂ ಸುಮ್ನೆ ಕಳಿಸಿಬಿಡಬಹುದಿತ್ತು, ಆದರೆ ಅರ್ಧಕ್ಕಿಂತ ಜಾಸ್ತಿ ಅವನ ಹತ್ತಿರ ಆಗಲೇ ಇರಬಹುದು. ಅದಕ್ಕೆ ಮೊದಲು ಬರೀ ಪಟ್ಟಿ ತೋರಿಸುತ್ತಾರೆ. ಪ್ರತಿ ಚೀಟಿಗೂ 20 ಬೈಟಿನ ತಲೆಬರಹ ಇರುತ್ತದೆ: ಬರೆದವರು ಯಾರು, ಎಷ್ಟನೇ ಸಲ ಬರೆದದ್ದು, ವಯಸ್ಸೆಷ್ಟು, ಚೆಕ್‌ಸಮ್ (ಚೀಟಿ ಕೆಟ್ಟಿದೆಯಾ ಅಂತ ಪರೀಕ್ಷಿಸುವ ಮೊತ್ತ) ಎಷ್ಟು. ಆ ತಲೆಬರಹಗಳ ಪಟ್ಟಿಯೇ ಡೇಟಾಬೇಸ್ ಡಿಸ್ಕ್ರಿಪ್ಷನ್ ಪ್ಯಾಕೆಟ್. ಯಾರು ಮೊದಲು ಮಾತಾಡುವುದು ಅಂತ ಜಗಳ ಬೇಡವಲ್ಲ, ಹಾಗಾಗಿ ಪಟ್ಟಿ ಓದುವ ಮೊದಲು ಒಬ್ಬ ಮೇಷ್ಟ್ರು, ಇನ್ನೊಬ್ಬ ವಿದ್ಯಾರ್ಥಿ ಅಂತ ತೀರ್ಮಾನ ಆಗುತ್ತದೆ. ಯಾರ ರೂಟರ್ ಐಡಿ, ಅಂದರೆ ಗುರುತಿನ ನಂಬರ್, ದೊಡ್ಡದೋ ಅವರೇ ಮೇಷ್ಟ್ರು. ಈ ಹಂತಕ್ಕೆ ಎಕ್ಸ್‌ಸ್ಟಾರ್ಟ್ ಅಂತ ಹೆಸರು, ಪಟ್ಟಿ ಓದುವ ಹಂತಕ್ಕೆ ಎಕ್ಸ್‌ಚೇಂಜ್. ಪಟ್ಟಿ ನೋಡಿ 'ನನ್ನ ಹತ್ತಿರ ಇದಿಲ್ಲ, ಇದು ಹಳೆಯದು, ಇವೆರಡು ಕೊಡು' ಅಂತ ಕೇಳಿ ತರಿಸಿಕೊಳ್ಳುವುದು ಲೋಡಿಂಗ್. ಕೇಳಿದ್ದೆಲ್ಲ ಸಿಕ್ಕಿತು ಅಂದರೆ ಫುಲ್. ಸ್ಕ್ರೀನಿನಲ್ಲಿ ಫುಲ್ ಅಂತ ಕಂಡರೆ ನಮ್ಮಂಥವರಿಗೆ ಊಟ ಸೇರುತ್ತದೆ.

ಕಾಣದಿದ್ದ ಒಂದು ದಿನದ ಕಥೆ ಹೇಳುತ್ತೇನೆ. ಹೊಸನಗರ ಶಾಖೆಗೆ ಲೈನ್ ಕೊಟ್ಟವರು ಬಂದು ಏನೋ ಡಬ್ಬ ಬದಲಿಸಿ ಹೋದರು. ಹೋಗುವಾಗ ನಮ್ಮ ರೂಟರಿನಲ್ಲಿ ತೀರ್ಥಹಳ್ಳಿ ಕಡೆಯ ಇಂಟರ್‌ಫೇಸಿನ (ಲೈನ್ ಸಿಕ್ಕಿಸುವ ಬಾಯಿಯ) ಎಂಟಿಯು 1500 ಇದ್ದದ್ದನ್ನು 1400 ಮಾಡಿಸಿ ಹೋದರು. ಎಂಟಿಯು ಅಂದರೆ ಒಂದು ಸಲಕ್ಕೆ ದಾಟಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ತೀರ್ಥಹಳ್ಳಿ ತುದಿಯಲ್ಲಿ 1500 ಹಾಗೇ ಇತ್ತು. ಪಿಂಗ್ (ಆ ಕಡೆ ತಲುಪುತ್ತದಾ ಅಂತ ನೋಡುವ ಪುಟ್ಟ ಪ್ಯಾಕೆಟ್) ಹೋಗುತ್ತಿತ್ತು. ಹಲೋ ಬರುತ್ತಿತ್ತು. ಶಾಖೆಯವರು ಒಂದು ದೂರೂ ಹೇಳಲಿಲ್ಲ, ಯಾಕೆಂದರೆ ಹೊಸನಗರದಿಂದ ಶಿವಮೊಗ್ಗಕ್ಕೆ ಹೇಗೂ ಸಾಗರದ ಮೇಲೆಯೇ ಹತ್ತಿರ. ನಾನೂ ನೋಡಲಿಲ್ಲ. ಅದು ನನ್ನ ತಪ್ಪೇ.

ಮೂರು ವಾರ ಆದ ಮೇಲೆ ಆನಂದಪುರದ ಹತ್ತಿರ ಎಲ್ಲೋ ಮರ ಬಿದ್ದು ಶಿವಮೊಗ್ಗ-ಸಾಗರ ಲೈನ್ ಹೋಯಿತು. ಆಗಬೇಕಾಗಿದ್ದದ್ದು ಇಷ್ಟು: ಸಾಗರದವರು ಹೊಸನಗರ, ತೀರ್ಥಹಳ್ಳಿ ಸುತ್ತಿ ಬರಬೇಕು. ಆದದ್ದು: ಸಾಗರ, ಹೊಸನಗರ ಎರಡೂ ಒಟ್ಟಿಗೆ ಕತ್ತಲು. ಅಡಿಕೆ ದುಡ್ಡಿಗೆ ಬಂದವರು ಕೌಂಟರಿನ ಮುಂದೆ ನಿಂತಿದ್ದಾರೆ, ಹೊರಗೆ ಜಡಿಮಳೆ, ನನಗೆ ಫೋನಿನ ಮೇಲೆ ಫೋನ್. ತೀರ್ಥಹಳ್ಳಿ ರೂಟರಿಗೆ ಲಾಗಿನ್ ಆಗಿ ನೋಡಿದರೆ ಹೊಸನಗರದ ನೆರೆಯವನ ಮುಂದೆ 'ಎಕ್ಸ್‌ಚೇಂಜ್' ಅಂತ ಇದೆ. ಹೊಸನಗರ ಶಾಖೆಯಲ್ಲಿದ್ದವರಿಗೆ ಫೋನಿನಲ್ಲೇ ಒಂದೊಂದು ಅಕ್ಷರ ಹೇಳಿ ಕಮಾಂಡ್ ಹೊಡೆಸಿದರೆ ಅಲ್ಲಿ 'ಎಕ್ಸ್‌ಸ್ಟಾರ್ಟ್' ಅಂತ ಓದಿದರು.

ಒಂದು ಕಡೆ ಎಕ್ಸ್‌ಸ್ಟಾರ್ಟ್, ಇನ್ನೊಂದು ಕಡೆ ಎಕ್ಸ್‌ಚೇಂಜ್. ಈ ಜೋಡಿ ಕಂಡರೆ ಮೊದಲು ಎಂಟಿಯು ನೋಡಿ, ಹತ್ತರಲ್ಲಿ ಒಂಬತ್ತು ಸಲ ಅದೇ. ಪಟ್ಟಿಯ ಪ್ಯಾಕೆಟ್ಟಿನಲ್ಲಿ ಕಳಿಸುವವನು ತನ್ನ ಎಂಟಿಯು ಬರೆದಿರುತ್ತಾನೆ. ಅದು ತನ್ನದಕ್ಕಿಂತ ದೊಡ್ಡದಾಗಿದ್ದರೆ ಪಡೆಯುವವನು ಪ್ಯಾಕೆಟ್ಟನ್ನೇ ಬಿಸಾಡಬೇಕು ಅಂತ ನಿಯಮ. ಹೊಸನಗರದ್ದು 1400, ತೀರ್ಥಹಳ್ಳಿ 1500 ಅನ್ನುತ್ತಿದೆ, ಬಿಸಾಡುತ್ತಿದೆ. ಹೊಸನಗರದ ರೂಟರ್ ಐಡಿ ದೊಡ್ಡದು, ಅದು ಮೇಷ್ಟ್ರು. ವಿದ್ಯಾರ್ಥಿ ಒಪ್ಪಿಕೊಂಡು ಪಟ್ಟಿ ಓದಲು ಶುರು ಮಾಡಿದ್ದಾನೆ, ಮೇಷ್ಟ್ರು ಕಿವಿ ಮುಚ್ಚಿಕೊಂಡು 'ನಾನೇ ಮೇಷ್ಟ್ರು, ಒಪ್ಪಿಕೊ' ಅಂತ ಕೂಗುತ್ತಲೇ ಇದ್ದಾರೆ. ಹಲೋ ಪ್ಯಾಕೆಟ್ ಚಿಕ್ಕದು, ಅದರಲ್ಲಿ ಈ ಪರೀಕ್ಷೆಯೂ ಇಲ್ಲ, ಅದಕ್ಕೇ ಪರಿಚಯಕ್ಕೆ ಏನೂ ತೊಂದರೆ ಆಗಿರಲಿಲ್ಲ. ನಿಯಮ ಕ್ರೂರ ಅನ್ನಿಸಬಹುದು, ಆದರೆ ಸರಿಯಾಗಿದೆ. ದೊಡ್ಡ ಪ್ಯಾಕೆಟ್ ದಾಟದ ಲಿಂಕಿನಲ್ಲಿ ಸುದ್ದಿಯ ಅರ್ಧ ಮುಟ್ಟಿ ಅರ್ಧ ಬಿಟ್ಟುಹೋಗುವುದಕ್ಕಿಂತ ಮೊದಲೇ ಬಾಗಿಲು ಹಾಕುವುದು ವಾಸಿ. ಎರಡೂ ಕಡೆ ಒಂದೇ ನಂಬರ್ ಮಾಡಿದ ಕೂಡಲೇ ಫುಲ್ ಬಂತು.

ಫುಲ್ ಆದ ಮೇಲೆ ಕೆಲಸ ಮುಗಿಯುವುದಿಲ್ಲ. ಕಟ್ಟು ಒಂದೇ ಆಗಿದೆ ಸರಿ, ಆದರೆ ನಾಳೆ ಏನಾದರೂ ಬದಲಾದರೆ? ಬದಲಾದ ರೂಟರ್ ಹೊಸ ಚೀಟಿ ಬರೆದು ತನ್ನ ಎಲ್ಲ ನೆರೆಯವರಿಗೂ ಕೊಡುತ್ತದೆ, ಅವರು ತಮ್ಮ ನೆರೆಯವರಿಗೆ. ಇದು ಫ್ಲಡಿಂಗ್. ತುಂಗೆಯ ನೆರೆ ಥರವೇ, ದಾರಿ ಕಂಡಲ್ಲೆಲ್ಲ ಹೋಗುತ್ತದೆ. ಆದರೆ ನಮ್ಮ ಮ್ಯಾಪ್ ನೋಡಿ, ಅದೊಂದು ಉಂಗುರ. ಶಿವಮೊಗ್ಗದ ಚೀಟಿ ತೀರ್ಥಹಳ್ಳಿಗೂ ಸಾಗರಕ್ಕೂ ಹೋಗುತ್ತದೆ, ಇಬ್ಬರೂ ಹೊಸನಗರಕ್ಕೆ ಕೊಡುತ್ತಾರೆ. ಹೊಸನಗರಕ್ಕೆ ಒಂದೇ ಸುದ್ದಿ ಎರಡು ಸಲ. ತಡೆಯದಿದ್ದರೆ ಅದು ಸುತ್ತುತ್ತಲೇ ಇರುತ್ತದೆ, ಮೂರು ಗ್ರೂಪಿನಿಂದ ಬಂದ ಘಾಟಿ ಫೋಟೋ ಹಾಗೆ.

ಇಲ್ಲಿ ಸೀಕ್ವೆನ್ಸ್ ನಂಬರ್ ಬೇಕಾಗುತ್ತದೆ. ಶಿವಮೊಗ್ಗ ತನ್ನ ಚೀಟಿ ಪ್ರತಿ ಸಲ ಹೊಸದಾಗಿ ಬರೆಯುವಾಗ ನಂಬರ್ ಒಂದು ಏರಿಸುತ್ತದೆ. ಹೊಸನಗರಕ್ಕೆ ಚೀಟಿ ಬಂದಾಗ ತನ್ನ ಕಟ್ಟಿನಲ್ಲಿರುವ ಶಿವಮೊಗ್ಗದ ಚೀಟಿಯ ಜೊತೆ ಹೋಲಿಸುತ್ತದೆ. ಬಂದದ್ದರ ನಂಬರ್ ದೊಡ್ಡದಾದರೆ ಹೊಸ ಸುದ್ದಿ: ಹಳೆಯದನ್ನು ತೆಗೆದು ಇದನ್ನಿಟ್ಟು, ಕೊಟ್ಟವನನ್ನು ಬಿಟ್ಟು ಉಳಿದವರಿಗೆ ದಾಟಿಸುತ್ತದೆ. ಒಂದೇ ನಂಬರ್ ಆದರೆ 'ಗೊತ್ತು ಬಿಡು', ಅಲ್ಲಿಗೇ ನಿಲ್ಲುತ್ತದೆ. ಬಂದದ್ದು ಚಿಕ್ಕದಾದರೆ ಇನ್ನೂ ಚೆನ್ನ: ಕೊಟ್ಟವನಿಗೇ ತನ್ನ ಹೊಸ ಪ್ರತಿಯನ್ನು ವಾಪಸ್ ಕೊಡುತ್ತದೆ. 'ಅದು ಹೋದ ವರ್ಷದ್ದು ಮಾರಾಯ್ರೆ' ಅಂತ ಹೇಳಿ ಸುಮ್ಮನಾಗುವುದಿಲ್ಲ, 'ತಗೊಳ್ಳಿ, ಈ ವರ್ಷದ್ದು ಇಲ್ಲಿದೆ' ಅನ್ನುತ್ತದೆ.

ಮಳೆಯಲ್ಲಿ ಪ್ಯಾಕೆಟ್ ಕಳೆದುಹೋದರೆ? ಪ್ರತಿ ಚೀಟಿಗೂ ರಸೀದಿ ಇದೆ. ನೆರೆಯವನಿಂದ ರಸೀದಿ ಬರುವ ತನಕ ಅವನ ಹೆಸರಿನ ಬಾಕಿ ಪಟ್ಟಿಯಲ್ಲಿ ಆ ಚೀಟಿ ಕೂತಿರುತ್ತದೆ, ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಮತ್ತೆ ಕಳಿಸುತ್ತಲೇ ಇರುತ್ತದೆ. ಕಳೆದದ್ದನ್ನು ಮತ್ತೆ ಕಳಿಸುವ ಕೆಲಸ ನೋಡಿಕೊಳ್ಳುವ ಟಿಸಿಪಿಯನ್ನು ಓಎಸ್‌ಪಿಎಫ್ ಬಳಸುವುದಿಲ್ಲ, ನೇರ ಐಪಿ ಮೇಲೆ 89ನೇ ಪ್ರೋಟೊಕಾಲ್ ನಂಬರಿನಲ್ಲಿ ಓಡುತ್ತದೆ, ಹಾಗಾಗಿ ಈ ರಸೀದಿ ವ್ಯವಹಾರವನ್ನೆಲ್ಲ ತಾನೇ ಮಾಡಿಕೊಳ್ಳಬೇಕು.

ಇಷ್ಟು ಕೇಳಿದ ಮೇಲೆ ಸೀಕ್ವೆನ್ಸ್ ನಂಬರ್ ಅಂದರೆ ಬಲು ಸರಳ ಅನ್ನಿಸುತ್ತದೆ, ಅಲ್ವಾ? ದೊಡ್ಡದು ಹೊಸದು, ಚಿಕ್ಕದು ಹಳೆಯದು. ಈಗ ಅರ್ಪಾನೆಟ್ ಕಥೆ ಕೇಳಿ.

ಇಂಟರ್ನೆಟ್ಟಿನ ಅಜ್ಜ ಅರ್ಪಾನೆಟ್ 1979ರಲ್ಲೇ ಗಾಳಿಮಾತಿನ ಪದ್ಧತಿ ಬಿಟ್ಟು ಲಿಂಕ್ ಸ್ಟೇಟ್ ಪದ್ಧತಿಗೆ ಬಂದಿತ್ತು. ಅಲ್ಲಿ ರೂಟರಿನ ಕೆಲಸ ಮಾಡುತ್ತಿದ್ದ ಯಂತ್ರಕ್ಕೆ ಇಂಪ್ ಅಂತ ಹೆಸರು. (ಹೆಸರೇನೋ ಇಂಪು. ಅವತ್ತು ಮಾತ್ರ ಕರ್ಕಶ.) ಸೀಕ್ವೆನ್ಸ್ ನಂಬರಿಗೆ ಇದ್ದದ್ದು 6 ಬಿಟ್, ಅಂದರೆ 0ಯಿಂದ 63. 63 ಆದ ಮೇಲೆ ಮತ್ತೆ 0. ಗಡಿಯಾರದ ಮುಳ್ಳಿನ ಥರ. ಹಾಗಾದಾಗ 63ಕ್ಕಿಂತ 0 ಹೊಸದು ಅಂತ ಗೊತ್ತಾಗಬೇಕಲ್ಲ, ಅದಕ್ಕೊಂದು ನಿಯಮ: ಎರಡರ ನಡುವಿನ ಅಂತರ 32 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ದೊಡ್ಡದು ಹೊಸದು, 32ಕ್ಕಿಂತ ಜಾಸ್ತಿ ಇದ್ದರೆ ಮುಳ್ಳು ಸುತ್ತು ಹಾಕಿದೆ ಅಂತ ಅರ್ಥ, ಆಗ ಚಿಕ್ಕದೇ ಹೊಸದು. ಜಾಣ ನಿಯಮ.

1980ರ ಅಕ್ಟೋಬರ್ 27ರಂದು ಒಂದು ಇಂಪ್‌ನ ಹಾರ್ಡ್‌ವೇರ್ ಕೆಟ್ಟು ಅಲ್ಲಲ್ಲಿ ಬಿಟ್‌ಗಳನ್ನು ನುಂಗತೊಡಗಿತು. 50ನೇ ಇಂಪ್ ಬರೆದ ಚೀಟಿಯ ನಂಬರ್ 44. ಬಿಟ್‌ನಲ್ಲಿ ಬರೆದರೆ 101100. ಒಂದು 1 ಬಿದ್ದುಹೋದರೆ 101000, ಅಂದರೆ 40. ಇನ್ನೊಂದೂ ಬಿದ್ದರೆ 001000, ಅಂದರೆ 8. ಒಂದೇ ಚೀಟಿ ಮೂರು ನಂಬರಿನಲ್ಲಿ ಊರು ಸುತ್ತಲು ಹೊರಟಿತು.

ಈಗ ಆ ಜಾಣ ನಿಯಮ ಹಾಕಿ ನೋಡಿ. 8 ಮತ್ತು 40: ಅಂತರ 32, ಹಾಗಾಗಿ 40 ಹೊಸದು. 40 ಮತ್ತು 44: ಅಂತರ 4, ಹಾಗಾಗಿ 44 ಹೊಸದು. 44 ಮತ್ತು 8: ಅಂತರ 36, ಜಾಸ್ತಿ ಆಯಿತು, ಸುತ್ತು ಹಾಕಿದೆ, ಹಾಗಾಗಿ 8 ಹೊಸದು. ಎಂಟನ್ನು ನಲವತ್ತು ಸೋಲಿಸುತ್ತದೆ, ನಲವತ್ತನ್ನು ನಲವತ್ತನಾಲ್ಕು, ನಲವತ್ತನಾಲ್ಕನ್ನು ಮತ್ತೆ ಎಂಟು. ಪ್ರತಿ ಇಂಪ್‌ಗೂ ಬಂದದ್ದೆಲ್ಲವೂ ಹೊಸ ಸುದ್ದಿ! ಇಟ್ಟುಕೊಳ್ಳುವುದು, ದಾಟಿಸುವುದು, ಮತ್ತೆ ಇನ್ನೊಂದು ಹೊಸದು ಬರುವುದು. ಈ ಸುದ್ದಿಗಳಿಗೆ ಎಲ್ಲಕ್ಕಿಂತ ಮೊದಲ ಸ್ಥಾನ ಕೊಟ್ಟಿದ್ದರಿಂದ ಯಂತ್ರಗಳಿಗೆ ಬೇರೆ ಕೆಲಸಕ್ಕೆ ಪುರುಸೊತ್ತೇ ಉಳಿಯಲಿಲ್ಲ. ಲೈನಿನಲ್ಲಿ ಹೋಗುವಾಗ ಕಾಯಲು ಚೆಕ್‌ಸಮ್ ಇತ್ತು, ಆದರೆ ಕೆಟ್ಟದ್ದು ಯಂತ್ರದ ಮೆಮೊರಿಯೊಳಗೆ ಕೂತಾಗ. ಅಲ್ಲಿ ಕಾವಲಿರಲಿಲ್ಲ. ಸುದ್ದಿಗೆ ವಯಸ್ಸಿನ ಲೆಕ್ಕವೂ ಇತ್ತು, ಆದರೆ ಕೈಯಿಂದ ಕೈಗೆ ಅಷ್ಟು ಬೇಗ ದಾಟುತ್ತಿದ್ದದ್ದಕ್ಕೆ ವಯಸ್ಸೇ ಆಗಲಿಲ್ಲ.

ಒಂದು ಇಂಪ್ ಆಫ್ ಮಾಡಿ ಆನ್ ಮಾಡಿದರೆ? ಪಕ್ಕದವನು ಮತ್ತೆ ಅದೇ ಮೂರು ಚೀಟಿ ಕೊಡುತ್ತಾನೆ. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಲು ಅವೇನು ಒಂದೇ ಕೋಣೆಯಲ್ಲಿರಲಿಲ್ಲ, ಅಮೆರಿಕದ ತುಂಬ ಹರಡಿದ್ದವು. ಕೊನೆಗೆ 50ನೇ ಇಂಪ್ ಹೆಸರಿನಲ್ಲಿ ಬರುವ ಸುದ್ದಿ ನಂಬಬೇಡಿ ಅಂತ ಎಲ್ಲ ಯಂತ್ರಗಳಿಗೂ ಪ್ಯಾಚ್ ಹಾಕಿ ಬಿಡಿಸಬೇಕಾಯಿತು. ಎರಿಕ್ ರೋಸೆನ್ ಇದನ್ನೆಲ್ಲ 1981ರಲ್ಲಿ ಆರ್‌ಎಫ್‌ಸಿ (ನೆಟ್‌ವರ್ಕ್ ತಂತ್ರಜ್ಞರ ದಾಖಲೆಗಳ ಸರಣಿ) 789ರಲ್ಲಿ ಬರೆದಿಟ್ಟಿದ್ದಾರೆ. ಕೆಲವೇ ಪುಟ, ಪತ್ತೇದಾರಿ ಕಥೆ ಓದಿದ ಹಾಗಿದೆ. ನನ್ನ ಮಟ್ಟಿಗೆ ನೆಟ್‌ವರ್ಕ್ ಕಲಿಯುವವರು ಯಾವುದೇ ಸರ್ಟಿಫಿಕೇಟ್ ಪುಸ್ತಕಕ್ಕೆ ಮೊದಲು ಅದನ್ನು ಓದಬೇಕು.

ಇದಾದ ಮೇಲೆ ರೇಡಿಯಾ ಪರ್ಲ್‌ಮನ್ 1983ರಲ್ಲಿ ಇಂಥ ಸುದ್ದಿಗಳನ್ನು ಗಟ್ಟಿಯಾಗಿ ಹಂಚುವುದು ಹೇಗೆ ಅಂತ ಬರೆದರು. ಇವತ್ತು ನಾವು ಬಳಸುವ ಓಎಸ್‌ಪಿಎಫ್ ಎರಡನೇ ಆವೃತ್ತಿ, 1998ರ ಆರ್‌ಎಫ್‌ಸಿ 2328, ಬರೆದವರು ಜಾನ್ ಮೋಯ್, 244 ಪುಟ. ಅದರಲ್ಲಿ ಸೀಕ್ವೆನ್ಸ್ ನಂಬರ್ 32 ಬಿಟ್, ಮತ್ತು ಗಡಿಯಾರ ಅಲ್ಲ, ನೇರ ರಸ್ತೆ. ಶುರುವಿದೆ, ಕೊನೆಯಿದೆ, ಸುತ್ತುವುದಿಲ್ಲ. ಒಂದೇ ಚೀಟಿಯನ್ನು 5 ಸೆಕೆಂಡಿಗಿಂತ ಬೇಗ ಮತ್ತೆ ಬರೆಯಬಾರದು ಅಂತಲೂ ನಿಯಮ ಇದೆ. ಲೆಕ್ಕ ಹಾಕಿದರೆ, ಹುಚ್ಚು ಹಿಡಿದ ಹಾಗೆ ಬರೆಯುತ್ತಾ ಹೋದರೂ ಆ ರಸ್ತೆಯ ಕೊನೆ ಮುಟ್ಟಲು 600 ವರ್ಷಕ್ಕೂ ಜಾಸ್ತಿ ಬೇಕು. ಅಷ್ಟಾದರೂ ಮುಟ್ಟಿದರೆ ಏನು ಮಾಡಬೇಕು ಅಂತಲೂ ಬರೆದಿದ್ದಾರೆ: ಮೊದಲು ಹಳೆ ಚೀಟಿಯನ್ನು ಎಲ್ಲರ ಕಟ್ಟಿನಿಂದಲೂ ತೆಗೆಸು, ಆಮೇಲೆ ಮೊದಲಿನಿಂದ ಶುರು ಮಾಡು. ಚೆಕ್‌ಸಮ್ ಈಗ ಚೀಟಿಯ ಜೊತೆಗೇ ಇರುತ್ತದೆ, ಮೆಮೊರಿಯಲ್ಲಿ ಕೂತಾಗಲೂ ಕಾಯುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಕರೆಂಟ್ ಹೋಗಿ ರೂಟರ್ ಸತ್ತು ಎದ್ದರೆ ತನ್ನ ಹಿಂದಿನ ನಂಬರ್ ಅದಕ್ಕೆ ನೆನಪಿರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದು ದಿನದ ಮಾತು, ಗುಡುಗು ಕೇಳಿದರೆ ಸಾಕು ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿರುತ್ತದೆ. ಎದ್ದ ರೂಟರ್ ಮೊದಲ ನಂಬರಿನಿಂದ ಚೀಟಿ ಬರೆಯುತ್ತದೆ. ನೆರೆಯವನ ಕಟ್ಟಿನಲ್ಲಿ ಇದರದ್ದೇ ಹಳೆ ಚೀಟಿ ದೊಡ್ಡ ನಂಬರಿನಲ್ಲಿದೆ. ಅವನು ನಿಯಮದ ಪ್ರಕಾರ ಅದನ್ನೇ ತೋರಿಸುತ್ತಾನೆ: 'ನಿನ್ನ ಬಗ್ಗೆ ನನ್ನ ಹತ್ತಿರ ಇದಕ್ಕಿಂತ ಹೊಸದಿದೆ.' ಎದ್ದವನಿಗೆ ತಾನು ಬರೆದ ನೆನಪೇ ಇಲ್ಲದ ಪತ್ರ ತನ್ನದೇ ಅಕ್ಷರದಲ್ಲಿ! ಇಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ. ಆ ನಂಬರ್ ನೋಡಿ, ಅದಕ್ಕೆ ಒಂದು ಕೂಡಿಸಿ, ಈಗಿನ ನಿಜವನ್ನು ಹೊಸದಾಗಿ ಬರೆದು ಹಂಚುತ್ತದೆ. ಇಡೀ ಪ್ರೋಟೊಕಾಲಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು.

ಇನ್ನು ಸತ್ತವನು ಏಳಲೇ ಇಲ್ಲ ಅಂದರೆ? ಅವನ ಚೀಟಿ ಎಲ್ಲರ ಕಟ್ಟಿನಲ್ಲಿ ಕೂತೇ ಇರುತ್ತದಲ್ಲ. ಅದಕ್ಕೇ ವಯಸ್ಸು. ಪ್ರತಿ ಚೀಟಿಗೂ ಸೆಕೆಂಡಿಗೊಂದರಂತೆ ವಯಸ್ಸು ಏರುತ್ತದೆ, ಜೊತೆಗೆ ಒಬ್ಬರಿಂದ ಒಬ್ಬರಿಗೆ ದಾಟುವಾಗ ಕನಿಷ್ಠ ಒಂದಾದರೂ ಕೂಡಲೇಬೇಕು. ಅರ್ಪಾನೆಟ್ಟಿನಲ್ಲಿ ವಯಸ್ಸೇ ಆಗದೆ ಸುತ್ತಿದ ಚೀಟಿಗೆ ಇದು ಮದ್ದು. 3600 ಆದರೆ, ಅಂದರೆ ಒಂದು ಗಂಟೆಗೆ, ಚೀಟಿಯ ಆಯಸ್ಸು ಮುಗಿಯಿತು. ಬದುಕಿರುವ ರೂಟರ್ ಏನೂ ಬದಲಾಗದಿದ್ದರೂ 1800 ಸೆಕೆಂಡಿಗೊಮ್ಮೆ, ಅರ್ಧ ಗಂಟೆಗೊಮ್ಮೆ, ನಂಬರ್ ಏರಿಸಿ ಹೊಸ ಚೀಟಿ ಹಂಚುತ್ತದೆ. 'ನಾನಿನ್ನೂ ಇದ್ದೇನೆ, ರಸ್ತೆಯೂ ಇದೆ' ಅಂತ. ವಯಸ್ಸು ಕ್ಷಣಕ್ಷಣವೂ ಬದಲಾಗುವುದರಿಂದ ಅದನ್ನೊಂದನ್ನು ಚೆಕ್‌ಸಮ್ಮಿನಿಂದ ಹೊರಗಿಟ್ಟಿದ್ದಾರೆ. ಐಎಸ್-ಐಎಸ್ ಅಂತ ಇನ್ನೊಂದು ಲಿಂಕ್ ಸ್ಟೇಟ್ ಪ್ರೋಟೊಕಾಲ್ ಇದೆ, ಅದರಲ್ಲಿ ಲೆಕ್ಕ ಉಲ್ಟಾ: ಆಯಸ್ಸು 1200ರಿಂದ ಇಳಿಯುತ್ತಾ ಬಂದು ಸೊನ್ನೆಗೆ ಮುಗಿಯುತ್ತದೆ.

ಹಾಗಾದರೆ ಸತ್ತ ರೂಟರಿನ ಕಡೆಗೆ ಒಂದು ಗಂಟೆ ಕಾಲ ಪ್ಯಾಕೆಟ್ ಕಳಿಸುತ್ತಾ ಕೂರುತ್ತಾರಾ? ಇಲ್ಲ. ಒಂದು ರಸ್ತೆಯನ್ನು ಮ್ಯಾಪಿಗೆ ತೆಗೆದುಕೊಳ್ಳಬೇಕಾದರೆ ಎರಡೂ ತುದಿಯವರು ಅದು ಇದೆ ಅನ್ನಬೇಕು. ಸತ್ತವನ ಚೀಟಿ ಇದೆ ಅನ್ನುತ್ತಿದ್ದರೂ ಪಕ್ಕದಲ್ಲಿ ಬದುಕಿರುವವನು ತನ್ನ ಹೊಸ ಚೀಟಿಯಲ್ಲಿ ಅದನ್ನು ಕೈಬಿಟ್ಟಿರುತ್ತಾನೆ. ಒಂದೇ ಕಡೆಯ ಒಪ್ಪಿಗೆಗೆ ಮದುವೆ ಆಗುವುದಿಲ್ಲವಲ್ಲ, ಹಾಗೆ.

ಒಂದೇ ಸ್ವಿಚ್ಚಿಗೆ ಹತ್ತು ರೂಟರ್ ಸಿಕ್ಕಿಸಿದರೆ ಪ್ರತಿ ಇಬ್ಬರೂ ಕಟ್ಟು ಹೋಲಿಸಿಕೊಳ್ಳಲು 45 ಜೋಡಿ ಆಗುತ್ತದೆ. ಅದಕ್ಕೆ ಅಲ್ಲಿ ಒಬ್ಬರನ್ನು ಅಡ್ಮಿನ್, ಇನ್ನೊಬ್ಬರನ್ನು ಸ್ಟ್ಯಾಂಡ್‌ಬೈ ಅಡ್ಮಿನ್ ಅಂತ ಆರಿಸಿಕೊಳ್ಳುತ್ತಾರೆ, ಡಿಆರ್ ಮತ್ತು ಬಿಡಿಆರ್. ಉಳಿದವರು ಇವರಿಬ್ಬರ ಜೊತೆ ಮಾತ್ರ ಫುಲ್ ಆಗುತ್ತಾರೆ, 45 ಹೋಗಿ 17ಕ್ಕೆ ಇಳಿಯುತ್ತದೆ. ಆಮೇಲೆ ಎಂಥ ದೊಡ್ಡ ರೂಟರ್ ಬಂದರೂ ಕುರ್ಚಿ ಸಿಗುವುದಿಲ್ಲ, ಕೂತವನು ಏಳುವ ತನಕ ಕಾಯಬೇಕು. ನೆಟ್‌ವರ್ಕ್ ತುಂಬಾ ದೊಡ್ಡದಾದರೆ ಏರಿಯಾ ಅಂತ ತಾಲೂಕು ತಾಲೂಕಾಗಿ ಒಡೆದು, ಪೂರ್ತಿ ಮ್ಯಾಪ್ ಏರಿಯಾದ ಒಳಗೆ ಮಾತ್ರ ಇಟ್ಟು, ಹೊರಗಿನವರಿಗೆ ಸಾರಾಂಶ ಕೊಡುತ್ತಾರೆ. ಎಲ್ಲ ತಾಲೂಕೂ ಏರಿಯಾ ಸೊನ್ನೆಯನ್ನು ಮುಟ್ಟಬೇಕು. ನಾಲ್ಕು ಶಾಖೆಯ ನನ್ನಂಥವನಿಗೆ ಅದರ ಗೊಡವೆ ಇಲ್ಲ.

ಎಂಟಿಯು ಗಲಾಟೆಯಾದ ಮರುವರ್ಷವೂ ಅದೇ ಸಾಗರದ ಲೈನ್ ಹೋಯಿತು, ರಾತ್ರಿ ಹತ್ತರ ಸುಮಾರಿಗೆ. ಈ ಸಲ ನಾನು ಎಚ್ಚರ ಇದ್ದೆ, ಲಾಗ್ ನೋಡುತ್ತಾ ಕೂತಿದ್ದೆ. ಫೈಬರ್ ತುಂಡಾದದ್ದು ದೂರದಲ್ಲಿ, ನಮ್ಮ ಗೋಡೆಯ ಮೇಲಿನ ಕನ್ವರ್ಟರ್ ಡಬ್ಬದ ಹಸಿರು ದೀಪ ಉರಿಯುತ್ತಲೇ ಇತ್ತು, ಹಾಗಾಗಿ ಇಂಟರ್‌ಫೇಸ್ ಬಿದ್ದಿರಲಿಲ್ಲ. ರೂಟರಿಗೆ ಗೊತ್ತಾಗಲು ಹಲೋ ನಿಲ್ಲಬೇಕು, 40 ಸೆಕೆಂಡ್ ಕಳೆಯಬೇಕು. (ಲಿಂಕ್ ಬದುಕಿದೆಯಾ ಅಂತ ಬೇಗ ಬೇಗ ಪರೀಕ್ಷಿಸುವ ಬಿಎಫ್‌ಡಿ ಹಾಕಿದರೆ ಒಂದು ಸೆಕೆಂಡಿನ ಒಳಗೇ ಗೊತ್ತಾಗುತ್ತದೆ. ಈಗ ಹಾಕಿದ್ದೇನೆ.) ಕಳೆಯಿತು. ಶಿವಮೊಗ್ಗ ಸಾಗರವನ್ನು ಕೈಬಿಟ್ಟು ಹೊಸ ಚೀಟಿ ಬರೆಯಿತು, ಸಾಗರ ಶಿವಮೊಗ್ಗವನ್ನು ಕೈಬಿಟ್ಟು ಬರೆಯಿತು. ಒಂದು ತೀರ್ಥಹಳ್ಳಿ ಕಡೆಯಿಂದ, ಇನ್ನೊಂದು ಹೊಸನಗರದ ಕಡೆಯಿಂದ ಹೊರಟಿತು. ನಡುವೆ ಒಂದು ಚಿಕ್ಕ ಹೊತ್ತು ಶಿವಮೊಗ್ಗದ ಕೈಯಲ್ಲಿ ಹೊಸ ಮ್ಯಾಪ್, ತೀರ್ಥಹಳ್ಳಿ ಕೈಯಲ್ಲಿ ಹಳೆಯದು: ಸಾಗರದ ಪ್ಯಾಕೆಟ್ಟನ್ನು ಶಿವಮೊಗ್ಗ ತೀರ್ಥಹಳ್ಳಿಗೆ ಕೊಡುತ್ತದೆ, ತೀರ್ಥಹಳ್ಳಿ 'ಸಾಗರಕ್ಕೆ ಶಿವಮೊಗ್ಗದ ಮೇಲೆ ಅಲ್ವಾ' ಅಂತ ವಾಪಸ್ ಕೊಡುತ್ತದೆ. ಪ್ಯಾಕೆಟ್ಟಿನ ಟಿಟಿಎಲ್, ಅಂದರೆ ಎಷ್ಟು ರೂಟರ್ ದಾಟಬಹುದು ಅನ್ನುವ ಲೆಕ್ಕ, ಮುಗಿದು ಅದು ಸಾಯುತ್ತದೆ ಬಿಡಿ. ತೀರ್ಥಹಳ್ಳಿಯೂ ಲೆಕ್ಕ ಮುಗಿಸಿದ ಮೇಲೆ ಸಾಗರಕ್ಕೆ ದಾರಿ ಹೊಸನಗರದ ಮೇಲೆ, ಕಾಸ್ಟ್ 30.

ಆಮೇಲೆ ನಾಲ್ಕೂ ರೂಟರಿನಲ್ಲಿ ಒಂದೇ ಕಮಾಂಡ್ ಹೊಡೆದೆ. ಏರಿಯಾದಲ್ಲಿ ಎಷ್ಟು ಎಲ್‌ಎಸ್‌ಎ ಇದೆ, ಅವುಗಳ ಚೆಕ್‌ಸಮ್ ಎಲ್ಲ ಕೂಡಿದರೆ ಎಷ್ಟು ಅಂತ ಅದು ತೋರಿಸುತ್ತದೆ. ವಯಸ್ಸು ಚೆಕ್‌ಸಮ್ಮಿನಲ್ಲಿ ಇಲ್ಲದ್ದರಿಂದ, ಕಟ್ಟು ಒಂದೇ ಆಗಿದ್ದರೆ ಆ ಮೊತ್ತವೂ ನಾಲ್ಕು ಕಡೆ ಒಂದೇ ಬರಬೇಕು. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಸರಿ ಇದ್ದವು. ಸಾಗರದ್ದು ಬೇರೆ ಬಂತು. ಎದೆ ಧಸಕ್ ಅಂತು. ಮತ್ತೆ ಹೊಡೆದೆ, ಒಂದೇ ಆಗಿತ್ತು. ಮೊದಲ ಸಲ ಹೊಡೆದಾಗ ಒಂದು ಚೀಟಿ ಇನ್ನೂ ದಾರಿಯಲ್ಲಿತ್ತು ಅಷ್ಟೇ.